ಆಪರೇಷನ್‌ಗೆ ಮೊದಲು ಹೊಟ್ಟೆಯ ಮೇಲೊಂದು ಗುರುತು

‘ಅವರಿಗೆ ಬ್ಯಾಗ್ ಹಾಕಿದ್ದಾರಂತೆ’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಈಗಲೂ ದನಿ ತಗ್ಗಿಸಿಯೇ ಹೇಳುತ್ತಾರೆ. ಕರುಳಿನ ಕ್ಯಾನ್ಸರ್, ಕರುಳು ತೂತಾದದ್ದು, ಅಪಘಾತ, ಮೂತ್ರಕೋಶದ ಕ್ಯಾನ್ಸರ್, ಹೀಗೆ ಕಾರಣ ಏನೇ ಇರಲಿ, ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡು ಆಸ್ಪತ್ರೆಯಿಂದ ಬಂದವರನ್ನು ನೋಡಲು ನೆಂಟರು ಬರುತ್ತಾರೆ, ಹಣ್ಣು ತರುತ್ತಾರೆ, ದುಆ ಮಾಡಿ ಹೋಗುತ್ತಾರೆ. ಚೀಲದ ವಿಷಯ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆರು ತಿಂಗಳು ಕಳೆದರೂ ಅವರು ಮದುವೆಗೆ ಬರುವುದಿಲ್ಲ, ಜುಮಾಕ್ಕೆ ಬರುವುದಿಲ್ಲ, ತಮ್ಮದೇ ಹೋಟೆಲಿನ ಕ್ಯಾಶ್‌ನಲ್ಲಿ ಕೂರುವುದಿಲ್ಲ. ಕೇಳಿದರೆ ‘ಸುಸ್ತು’ ಅಂತಾರೆ. ಎಷ್ಟೋ ಸಲ ಅಸಲು ಕಾರಣ ಬೇರೆ: ಚೀಲ ಸೋರುತ್ತದೆ. ಎದ್ದು ಕೂರುವಾಗ, ಬಗ್ಗುವಾಗ ಯಾವ ಕ್ಷಣದಲ್ಲಿ ಬಟ್ಟೆ ಒದ್ದೆಯಾದೀತೋ ಎಂಬ ಹೆದರಿಕೆ.

ಚೀಲ ಸೋರುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಆಪರೇಷನ್‌ಗೆ ಮೊದಲೇ ತಪ್ಪಿಸಬಹುದಾದ ಒಂದು ಕಾರಣವಿದೆ. ಅದು, ಹೊಟ್ಟೆಯ ಮೇಲೆ ಆ ಬಾಯಿಯನ್ನು ಎಲ್ಲಿ ಇಡುತ್ತಾರೆ ಎಂಬುದು. ಈ ಜಾಗ ನೋಡಿ ಗುರುತು ಹಾಕಲು ಹೆಚ್ಚು ಹೊತ್ತು ಬೇಡ, ದುಬಾರಿ ಯಂತ್ರವೂ ಬೇಡ. ಬೇಕಾದದ್ದು ಒಂದು ಪೆನ್ನು, ತಿಳಿದ ಒಬ್ಬ ನರ್ಸ್ ಅಥವಾ ವೈದ್ಯರು, ಮತ್ತು ತನ್ನ ದಿನಚರಿಯನ್ನು ಬಾಯಿಬಿಟ್ಟು ಹೇಳುವ ರೋಗಿ. ಮೂರನೆಯದನ್ನು ಒದಗಿಸುವುದು ನಮ್ಮ ಮನೆಯವರ ಕೈಯಲ್ಲೇ ಉಂಟು.

ಏನಿದು ಸ್ಟೋಮಾ?

ಸ್ಟೋಮಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಾಯಿ. ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಗೆ ತಂದು, ಚರ್ಮಕ್ಕೆ ಹೊಲಿದು ಮಾಡುವ ದಾರಿ ಇದು. ದೊಡ್ಡ ಕರುಳಿನಿಂದ ಮಾಡಿದರೆ ಕೊಲೊಸ್ಟಮಿ, ಸಾಮಾನ್ಯವಾಗಿ ಹೊಟ್ಟೆಯ ಎಡಭಾಗದಲ್ಲಿ. ಸಣ್ಣ ಕರುಳಿನ ಕೊನೆಯಿಂದ ಮಾಡಿದರೆ ಇಲಿಯೊಸ್ಟಮಿ, ಹೆಚ್ಚಾಗಿ ಬಲಭಾಗದಲ್ಲಿ. ಮೂತ್ರಕೋಶ ತೆಗೆದವರಿಗೆ ಮೂತ್ರ ಹೊರಹೋಗಲು ಮಾಡುವುದು ಯುರೊಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗೆ; ಒಳಗಿನ ಗಾಯ ಮಾಗಿದ ಮೇಲೆ ಮತ್ತೆ ಮುಚ್ಚುತ್ತಾರೆ. ಕೆಲವರಿಗೆ ಜೀವನಪೂರ್ತಿ.

ನೋಡಲು ಅದು ತುಟಿಯ ಒಳಭಾಗದ ಹಾಗೆ ಕೆಂಪಾಗಿ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಿಲ್ಲ. ಆದರೆ ಗುದದ್ವಾರಕ್ಕೆ ಇರುವಂತೆ ಬಿಗಿಹಿಡಿಯುವ ಸ್ನಾಯು ಅದಕ್ಕಿಲ್ಲ. ಹಾಗಾಗಿ ಬರುವುದನ್ನು ತಡೆಯಲಾಗದು; ಚೀಲದಲ್ಲಿ ಹಿಡಿಯಬೇಕು. ಚರ್ಮಕ್ಕೆ ಅಂಟುವ ಒಂದು ಪ್ಲೇಟ್, ಅದಕ್ಕೆ ಜೋಡಿಸಿದ ಚೀಲ, ಇಷ್ಟೇ ಸಲಕರಣೆ. ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಬೇಕು. ಕೆಲವು ದಿನಕ್ಕೊಮ್ಮೆ ಪ್ಲೇಟ್ ಬದಲಾಯಿಸಬೇಕು.

ಈ ಪ್ಲೇಟ್ ಚರ್ಮಕ್ಕೆ ಸಮತಟ್ಟಾಗಿ ಅಂಟಿದ್ದರೆ ಬದುಕು ಸಲೀಸು. ಚರ್ಮ ಮಡಿಚುವ ಕಡೆ ಅಂಟಿಸಿದರೆ, ಕೂತಾಗಲೆಲ್ಲ ಪ್ಲೇಟಿನ ಅಂಚು ಏಳುತ್ತದೆ, ಸಂದಿಯಿಂದ ಮಲ ಜಿನುಗುತ್ತದೆ. ಇಲಿಯೊಸ್ಟಮಿಯವರ ಕಷ್ಟ ಇನ್ನೂ ಹೆಚ್ಚು. ಸಣ್ಣ ಕರುಳಿನಿಂದ ಬರುವ ನೀರಿನಲ್ಲಿ ಊಟ ಜೀರ್ಣಿಸುವ ರಸ ಇರುವುದರಿಂದ ಅದು ಚರ್ಮವನ್ನೇ ಸುಡುತ್ತದೆ. ಸುಟ್ಟ ಚರ್ಮ ಒದ್ದೆಯಾಗುತ್ತದೆ, ಒದ್ದೆ ಚರ್ಮಕ್ಕೆ ಪ್ಲೇಟ್ ಅಂಟುವುದಿಲ್ಲ, ಅಂಟದಿದ್ದರೆ ಮತ್ತೆ ಸೋರುತ್ತದೆ. ಈ ಸುಳಿಗೆ ಬಿದ್ದವರು ಊಟವನ್ನೇ ಕಡಿಮೆ ಮಾಡುತ್ತಾರೆ. ‘ತಿಂದರೆ ತಾನೇ ಬರುವುದು’ ಎಂಬ ಲೆಕ್ಕ. ಹಾಗೆ ಮಾಡಿ ಮೈಯಲ್ಲಿ ನೀರು ಬತ್ತಿ ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ.

ಕೆಲಸಕ್ಕೆ ತಕ್ಕ ಜಾಗ

ವ್ಯಾಪಾರಕ್ಕೆಂದು ಘಟ್ಟ ಹತ್ತಿ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆ ನೆಲೆಸಿದವರಿಗೆ ಅಲ್ಲಿನ ಬದುಕು ಗೊತ್ತು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲು, ಬೆವರಿಗೆ ಅಂಟು ಬೇಗ ಸಡಿಲವಾಗುವ ಹವೆ. ಅಲ್ಲಿನ ಕೆಲಸಗಳೂ ಬಗೆಬಗೆಯವು. ಒಬ್ಬೊಬ್ಬರ ಹೊಟ್ಟೆ ಒಂದೊಂದು ರೀತಿಯಲ್ಲಿ ಮಡಿಚುತ್ತದೆ.

ಸಂಡೂರಿನ ಗಣಿ ರಸ್ತೆಯಲ್ಲಿ ಅದಿರಿನ ಲಾರಿ ಓಡಿಸುವವರನ್ನು ನೋಡಿ. ದಿನಕ್ಕೆ ಎಂಟು–ಹತ್ತು ಗಂಟೆ ಸೀಟಿನಲ್ಲಿ. ಸೀಟ್ ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಹಾದುಹೋಗುತ್ತದೆ. ಆ ಪಟ್ಟಿಯ ಅಡಿಗೆ ಸ್ಟೋಮಾ ಬಂದರೆ ದಿನವಿಡೀ ಉಜ್ಜಾಟ. ಕಂಪ್ಲಿಯ ಗದ್ದೆಯಲ್ಲಿ ಸಸಿ ನಾಟಿ ಮಾಡುವ ಹೆಣ್ಣುಮಗಳು ಸೊಂಟ ಬಗ್ಗಿಸಿಯೇ ದಿನ ಕಳೆಯುತ್ತಾಳೆ. ನಿಂತಾಗ ಸಮತಟ್ಟಾಗಿ ಕಾಣುವ ಕೆಳಹೊಟ್ಟೆ ಬಗ್ಗಿದಾಗ ಮೂರು ಮಡಿಕೆಯಾಗುತ್ತದೆ. ಹಂಪಿಯಲ್ಲಿ ಹರಿಗೋಲು ನಡೆಸುವವರು ಕುಕ್ಕರುಗಾಲಿನಲ್ಲಿ ಕೂತು ಮೈ ತಿರುವಿ ಹುಟ್ಟು ಹಾಕುತ್ತಾರೆ. ಹೊಸಪೇಟೆಯ ಪೇಟೆಯಲ್ಲಿ ಮೂಟೆ ಹೊರುವವರಿಗೆ ಹೊಟ್ಟೆಯ ಗೋಡೆಯ ಮೇಲೆ ಭಾರ ಬೀಳುತ್ತದೆ. ಸ್ಟೋಮಾದ ಪಕ್ಕ ಕರುಳು ಉಬ್ಬಿ ಹರ್ನಿಯಾ ಆಗುವ ಅಪಾಯ ಅವರಿಗೆ ಹೆಚ್ಚು. ನಮ್ಮವರ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಲ್ಲುವ ಹುಡುಗನಿಗೂ ಸೊಂಟದ ಮಟ್ಟದಲ್ಲಿ ಬಿಸಿಯಿದೆ, ಕಟ್ಟೆಯ ಅಂಚು ತಾಗುತ್ತದೆ.

ಮಂಚದ ಮೇಲೆ ಅಂಗಾತ ಮಲಗಿದ ರೋಗಿಯ ಹೊಟ್ಟೆ ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಅಂಗಾತವೇ ಮಲಗಿರುತ್ತಾರೆ. ಅದಕ್ಕೇ ಜಾಗದ ತೀರ್ಮಾನ ಥಿಯೇಟರಿಗೆ ಹೋಗುವ ಮೊದಲು, ರೋಗಿ ಎಚ್ಚರವಾಗಿರುವಾಗ ಆಗಬೇಕು. ಅಮೆರಿಕದ ಕರುಳು ಶಸ್ತ್ರವೈದ್ಯರ ಸಂಘ ಮತ್ತು ಸ್ಟೋಮಾ ನರ್ಸ್‌ಗಳ ಸಂಘ 2007ರಲ್ಲೇ ಸೇರಿ ಈ ಕುರಿತು ಹೇಳಿಕೆ ಹೊರಡಿಸಿದ್ದವು. 2021ರಲ್ಲಿ ಮೂತ್ರರೋಗ ತಜ್ಞರ ಸಂಘವೂ ಅದಕ್ಕೆ ಸೇರಿತು.

ಗುರುತು ಹಾಕುವುದು ಹೇಗೆ?

ಮೊದಲು ರೋಗಿಯನ್ನು ಮಲಗಿಸಿ, ತಲೆ ಸ್ವಲ್ಪ ಎತ್ತಲು ಅಥವಾ ಕೆಮ್ಮಲು ಹೇಳುತ್ತಾರೆ. ಆಗ ಹೊಕ್ಕುಳಿನ ಎರಡೂ ಬದಿಯಲ್ಲಿ ಮೇಲಿಂದ ಕೆಳಗೆ ಇಳಿಯುವ ಉದ್ದನೆಯ ಸ್ನಾಯು ಬಿಗಿಯಾಗಿ ಕೈಗೆ ಸಿಗುತ್ತದೆ. ಸ್ಟೋಮಾ ಈ ಸ್ನಾಯುವಿನ ನಡುವೆಯೇ ಹೊರಬರಬೇಕು; ಆಗ ಅದಕ್ಕೆ ಸುತ್ತಲೂ ಆಧಾರ ಇರುತ್ತದೆ.

ನಂತರ ಕೂರಿಸುತ್ತಾರೆ. ಇದೇ ಮುಖ್ಯ ಘಟ್ಟ. ಹೊಟ್ಟೆಯ ಮಡಿಕೆಗಳೆಲ್ಲ ಹೊರಗೆ ಬರುವುದು ಕೂತಾಗಲೇ. ಆಮೇಲೆ ನಿಲ್ಲಿಸಿ, ಬಗ್ಗಿಸಿ, ಮೈ ತಿರುಗಿಸಿ ನೋಡುತ್ತಾರೆ. ಹೊಕ್ಕುಳು, ಹಳೆಯ ಆಪರೇಷನ್ ಕಲೆ, ಸೊಂಟದ ಮೂಳೆಯ ಏಣು, ಪಕ್ಕೆಲುಬಿನ ಅಂಚು, ತೊಡೆಸಂದಿ, ಬೆಲ್ಟಿನ ಗೆರೆ, ಇವೆಲ್ಲವನ್ನೂ ಬಿಟ್ಟು, ಸುತ್ತಲೂ ಸುಮಾರು 5 ಸೆಂಟಿಮೀಟರ್ ಸಮತಟ್ಟಾದ ಚರ್ಮ ಸಿಗುವ ಜಾಗ ಹುಡುಕಬೇಕು. ಸಾಧಾರಣ ಮೈಕಟ್ಟಿನವರಿಗೆ ಅದು ಹೊಕ್ಕುಳಿಗಿಂತ ಕೆಳಗೆ, ಹೊಟ್ಟೆಯ ಉಬ್ಬಿನ ತುದಿಯಲ್ಲಿ ಸಿಗುತ್ತದೆ.

ಇನ್ನೊಂದು ಪರೀಕ್ಷೆ ಉಂಟು: ರೋಗಿಗೆ ಆ ಜಾಗ ತನ್ನ ಕಣ್ಣಿಗೆ ಕಾಣಬೇಕು, ತನ್ನ ಕೈಗೆ ಸಿಗಬೇಕು. ಹೊಟ್ಟೆ ದೊಡ್ಡದಿರುವವರಿಗೆ ಕೆಳಹೊಟ್ಟೆಯಲ್ಲಿ ಇಟ್ಟರೆ ಅದು ಉಬ್ಬಿನ ಅಡಿಗೆ ಮರೆಯಾಗುತ್ತದೆ. ಕನ್ನಡಿ ಹಿಡಿಯದೆ ಪ್ಲೇಟ್ ಹಾಕಲಾಗದು. ಅಂಥವರಿಗೆ ಹೊಕ್ಕುಳಿಗಿಂತ ಮೇಲೆಯೇ ಒಳ್ಳೆಯದು. ಗಾಲಿಕುರ್ಚಿಯಲ್ಲಿ ಇರುವವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ನೋಡಬೇಕು. ಕಾಣದ ಜಾಗದಲ್ಲಿ ಸ್ಟೋಮಾ ಇದ್ದರೆ ಪ್ರತಿ ಸಲವೂ ಹೆಂಡತಿಯನ್ನೋ ಮಗನನ್ನೋ ಕರೆಯಬೇಕು. ಮರ್ಯಾದೆಯಿಂದ ಬಾಳಿದ ಹಿರಿಯರಿಗೆ ಇದಕ್ಕಿಂತ ದೊಡ್ಡ ನೋವಿಲ್ಲ.

ಜಾಗ ಸಿಕ್ಕ ಮೇಲೆ ಸುಲಭಕ್ಕೆ ಅಳಿಸದ ಪೆನ್ನಿನಿಂದ ಗುರುತು ಹಾಕಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸುತ್ತಾರೆ. ಒಳಗೆ ಕರುಳು ಎಲ್ಲಿಯವರೆಗೆ ಎಳೆಯಲು ಬರುತ್ತದೋ ಮೊದಲೇ ಹೇಳಲಾಗದ ಕಾರಣ, ಕೆಲವೊಮ್ಮೆ ಎರಡು ಗುರುತು ಹಾಕುವುದುಂಟು. ಸಮಯ ಇದ್ದರೆ ಆ ಜಾಗಕ್ಕೆ ಒಂದು ಪ್ಲೇಟ್ ಅಂಟಿಸಿ, ಚೀಲಕ್ಕೆ ಸ್ವಲ್ಪ ನೀರು ಹಾಕಿ, ಒಂದು ದಿನ ಓಡಾಡಿ ನೋಡಲೂಬಹುದು. ಎಲ್ಲಿ ಎಳೆಯುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ಆಪರೇಷನ್‌ಗೆ ಮುಂಚೆಯೇ ಗೊತ್ತಾಗುತ್ತದೆ.

ಪ್ಯಾಂಟಿನ ಗೆರೆ, ಮುಂಡಿನ ಗೆರೆ

ಪುಸ್ತಕಗಳು ‘ಬೆಲ್ಟಿನ ಗೆರೆ ಬಿಡಿ’ ಎನ್ನುವಾಗ ಅವುಗಳ ಮನಸ್ಸಿನಲ್ಲಿರುವುದು ಪ್ಯಾಂಟು. ನಮ್ಮ ಗಂಡಸರಿಗೆ ಗೆರೆಗಳು ಎರಡು. ಅಂಗಡಿಗೆ ಹೋಗುವಾಗ ಪ್ಯಾಂಟು, ಅದು ಹೊಕ್ಕುಳಿಗಿಂತ ಕೆಳಗೆ. ಮನೆಯಲ್ಲಿ, ಮಸೀದಿಯಲ್ಲಿ ಮುಂಡು ಅಥವಾ ಲುಂಗಿ. ನಮಾಝಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮುಚ್ಚಬೇಕಾದ್ದರಿಂದ ಅದರ ಗಂಟು ಹೊಕ್ಕುಳಿನ ಮೇಲೇ ಬರುತ್ತದೆ. ಹಳಬರಿಗೆ ಅದರ ಮೇಲೆ ಅಗಲದ ಬೆಲ್ಟ್ ಕೂಡ ಬೇಕು. ಹಾಗಾಗಿ ಸ್ಟೋಮಾ ಎರಡು ಗೆರೆಗಳಲ್ಲಿ ಯಾವುದರ ಅಡಿಗೂ ಸಿಕ್ಕಿಕೊಳ್ಳಬಾರದು. ಬಟ್ಟೆಯ ಗಂಟು ಪ್ಲೇಟಿನ ಮೇಲೆ ಕೂತರೆ ಚೀಲದೊಳಗೆ ಮಲ ಕೆಳಗೆ ಇಳಿಯದೆ ಸ್ಟೋಮಾದ ಸುತ್ತಲೇ ಕಟ್ಟಿಕೊಳ್ಳುತ್ತದೆ.

ಹೊಸಪೇಟೆಯ ನರ್ಸ್ ‘ಬೆಲ್ಟ್ ಎಲ್ಲಿ ಹಾಕ್ತೀರಿ, ತೋರಸ್ರಿ’ ಎಂದು ಕೇಳಿದರೆ ಪ್ಯಾಂಟಿನ ಜಾಗ ಮಾತ್ರ ತೋರಿಸಿ ಸುಮ್ಮನಾಗಬೇಡಿ. ‘ಸಿಸ್ಟರ್, ಮುಂಡು ಇಲ್ಲಿ ಕಟ್ಟುದು, ದಿನಕ್ಕೆ ಐದು ಸಲ ಹೀಗೆ ಬಗ್ಗಲಿಕ್ಕುಂಟು’ ಎಂದು ಹೇಳಿ, ಮಾಡಿಯೂ ತೋರಿಸಿ. ರುಕೂವಿನಲ್ಲಿ ಹೊಟ್ಟೆ ಮುಂದಕ್ಕೆ ಜೋತುಬೀಳುತ್ತದೆ. ಸುಜೂದಿನಲ್ಲಿ ತೊಡೆ ಹೊಟ್ಟೆಗೆ ಹತ್ತಿರ ಬರುತ್ತದೆ. ಅತ್ತಹಿಯ್ಯಾತ್‌ಗೆ ಕೂರುವಾಗ ಕೆಳಹೊಟ್ಟೆ ಮಡಿಚುತ್ತದೆ. ಜಾಗ ತೀರಾ ಕೆಳಗಾದರೆ ತೊಡೆಸಂದಿಗೆ ಪ್ಲೇಟ್ ತಾಗಿ ಏಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು, ಕೂರುವ ಪಾಯಿಖಾನೆ ಬಳಸುವವರು ಅದನ್ನೂ ಹೇಳಬೇಕು. ಕುರ್ಚಿಯಲ್ಲಿ ಕೂರಿಸಿ ನೋಡಿದ ಜಾಗ ನೆಲದ ಮೇಲೆ ಕೂತಾಗ ಹಾಗೆಯೇ ಇರುತ್ತದೆ ಎನ್ನಲಾಗದು. ಗುರುತು ಹಾಕಿಸಲು ಹೋಗುವ ದಿನ ಆಸ್ಪತ್ರೆಯ ಗೌನಿನಲ್ಲಿ ಹೋಗದೆ, ದಿನಾ ಉಡುವ ಬಟ್ಟೆ ಎರಡೂ ಬಗೆಯದು ಜೊತೆಯಲ್ಲಿರಲಿ.

ಹೆಂಗಸರಿಗೆ ಸೀರೆಯ ಒಳಲಂಗದ ನಾಡಿ, ಚೂಡಿದಾರದ ನಾಡಿ ಒಂದೇ ಕಡೆ ಬರುತ್ತವೆ ಎಂದೇನಿಲ್ಲ. ಸಂಡೂರಿನ ತಾಂಡಾಗಳ ಹೆಣ್ಣುಮಕ್ಕಳ ಭಾರದ ಲಂಗದ ಸೊಂಟಪಟ್ಟಿಯದ್ದೂ ಇದೇ ಪ್ರಶ್ನೆ. ಹಳೆಯ ಸಿಸೇರಿಯನ್ ಕಲೆ ಇದ್ದರೆ ಅದರ ಸುತ್ತಲಿನ ಚರ್ಮ ಒಳಕ್ಕೆ ಎಳೆದಿರುತ್ತದೆ, ಅದನ್ನು ಬಿಡಬೇಕು. ಮಗುವನ್ನು ಯಾವ ಸೊಂಟದ ಮೇಲೆ ಕೂರಿಸಿಕೊಳ್ಳುತ್ತೀರಿ, ಕೊಡ ಯಾವ ಕಡೆ ಇಡುತ್ತೀರಿ ಎಂಬುದೂ ಹೇಳಬೇಕಾದ ಮಾತೇ. ಪರೀಕ್ಷೆಗೆ ನಾಚಿಕೆ ಆಗುವುದು ಸಹಜ. ಮಹಿಳಾ ನರ್ಸ್ ಬೇಕೆಂದು ಕೇಳಬಹುದು, ಉಮ್ಮನನ್ನೋ ಗಂಡನನ್ನೋ ಜೊತೆಗೆ ನಿಲ್ಲಿಸಿಕೊಳ್ಳಬಹುದು. ನಾಚಿಕೆಯಿಂದ ಪರೀಕ್ಷೆಯನ್ನೇ ಬಿಟ್ಟರೆ ಅದರ ಬೆಲೆ ವರ್ಷಗಟ್ಟಲೆ ತೆರಬೇಕಾಗುತ್ತದೆ.

‘ಬಾಪನಿಗೆ ಹೇಳ್ಬೇಡಿ ಡಾಕ್ಟ್ರೇ’

ಇಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸದ ಬಗ್ಗೆ ಮಾತಾಡಲೇಬೇಕು. ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮಕ್ಕಳು ವೈದ್ಯರ ಹತ್ತಿರ ಗುಟ್ಟಾಗಿ ಹೋಗಿ ‘ಬಾಪನಿಗೆ ಹೇಳ್ಬೇಡಿ, ತಡ್ಕೊಳ್ಳಿಕ್ಕಿಲ್ಲ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಬಾಪನಿಗೆ ‘ಸಣ್ಣ ಆಪರೇಷನ್, ಗಡ್ಡೆ ತೆಗೀತಾರೆ’ ಎಂದಷ್ಟೇ ಗೊತ್ತು. ಹೀಗಿರುವಾಗ ಯಾರು, ಹೇಗೆ ಅವರನ್ನು ಕೂರಿಸಿ, ಬಗ್ಗಿಸಿ, ಹೊಟ್ಟೆಯ ಮೇಲೆ ಗುರುತು ಹಾಕುವುದು? ಅರಿವಳಿಕೆಯಿಂದ ಎದ್ದು ಕೈ ಹೊಟ್ಟೆಯ ಮೇಲೆ ಹೋದಾಗ ಅವರಿಗೆ ಮೊದಲ ಸಲ ಗೊತ್ತಾಗುತ್ತದೆ. ಆಗಿನ ಆಘಾತ ಮೊದಲೇ ತಿಳಿದಿದ್ದರೆ ಆಗುತ್ತಿದ್ದ ಆಘಾತಕ್ಕಿಂತ ದೊಡ್ಡದು. ಜಾಗವೂ ಅವರನ್ನು ಕೇಳದೆ ನಿರ್ಧಾರವಾಗಿರುತ್ತದೆ.

ಎಲ್ಲವನ್ನೂ ಒಂದೇ ದಿನ ಹೇಳಬೇಕೆಂದಿಲ್ಲ. ‘ಬಾಪ, ಮಲ ಹೋಗಲಿಕ್ಕೆ ಹೊಟ್ಟೆಯಲ್ಲಿ ಒಂದು ದಾರಿ ಮಾಡ್ತಾರೆ. ಎಲ್ಲಿ ಮಾಡಿದ್ರೆ ನಿಮಗೆ ಸುಲಭ ಅಂತ ನಾಳೆ ನೋಡ್ತಾರೆ’ ಎಂಬಷ್ಟು ಹೇಳಿದರೂ ಸಾಕು. ಆ ದಿನ ಅವರ ಹತ್ತಿರ ಕೂರಲು ಮನೆಯ ಒಬ್ಬರು ಇರಲಿ. ಆಪರೇಷನ್ ನಂತರ ಚೀಲ ಬದಲಾಯಿಸಲು ಕಲಿಯುವವರೂ ಅವರೇ ಆದರೆ ಇನ್ನೂ ಒಳ್ಳೆಯದು.

ರೋಗಿಗಳೇ ಕಟ್ಟಿದ ವಿದ್ಯೆ

ಈ ವಿದ್ಯೆ ಬೆಳೆದದ್ದೇ ರೋಗಿಗಳಿಂದ, ಅವರ ಮನೆಯವರಿಂದ. ಡೆನ್ಮಾರ್ಕಿನ ಎಲಿಸ್ ಸೊರೆನ್ಸನ್ ಎಂಬ ನರ್ಸ್‌ನ ತಂಗಿ ಥೋರಾಳಿಗೆ ಸ್ಟೋಮಾ ಆಗಿತ್ತು. ಸೋರುವ ಹೆದರಿಕೆಯಿಂದ ಅವಳು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದಳು. ತಂಗಿಯ ಕಷ್ಟ ನೋಡಲಾಗದೆ ಎಲಿಸ್ 1954ರಲ್ಲಿ ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಚೀಲದ ಯೋಚನೆ ಮಾಡಿದಳು. ಇಂದು ಔಷಧದಂಗಡಿಯಲ್ಲಿ ಸಿಗುವ ಚೀಲಗಳ ಮೂಲ ಅದು.

ಅಮೆರಿಕದ ಓಹಾಯೋದಲ್ಲಿ ನಾರ್ಮಾ ಗಿಲ್ ಎಂಬ ಗೃಹಿಣಿಗೆ 1954ರಲ್ಲಿ ಇಲಿಯೊಸ್ಟಮಿ ಆಯಿತು. ಗುಣವಾದ ಮೇಲೆ ಆಕೆ ತನ್ನಂಥ ಇತರರಿಗೆ ಚೀಲ ಹಾಕುವುದು, ಚರ್ಮ ನೋಡಿಕೊಳ್ಳುವುದು ಕಲಿಸತೊಡಗಿದಳು. ಅವಳ ಶಸ್ತ್ರವೈದ್ಯ ರುಪರ್ಟ್ ಟರ್ನ್‌ಬುಲ್ 1958ರಲ್ಲಿ ಆಕೆಯನ್ನು ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಕೆಲಸಕ್ಕೇ ಸೇರಿಸಿಕೊಂಡರು. 1961ರಲ್ಲಿ ಅಲ್ಲಿ ಸ್ಟೋಮಾ ಆರೈಕೆ ಕಲಿಸುವ ಶಾಲೆ ಶುರುವಾಯಿತು. ಇಂದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಂಥ ಕಡೆ ಸ್ಟೋಮಾ ನೋಡಿಕೊಳ್ಳುವ ತರಬೇತಿ ಪಡೆದ ನರ್ಸ್‌ಗಳಿರುವುದು ಆ ಪರಂಪರೆಯಿಂದ. ಸ್ಟೋಮಾ ಇರುವವರೇ ಸೇರಿದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಘವೂ ಮುಂಬೈಯಲ್ಲಿದೆ. ಮೂರು ವರ್ಷಕ್ಕೊಮ್ಮೆ ಅಕ್ಟೋಬರ್ ತಿಂಗಳ ಮೊದಲ ಶನಿವಾರ ವಿಶ್ವ ಆಸ್ಟಮಿ ದಿನ ಆಚರಿಸುತ್ತಾರೆ.

ಎಲ್ಲಿ ಕೇಳುವುದು?

ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಹಂಪಿ ಅದರ ಪಾಲಿಗೆ ಬಂತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ದೊಡ್ಡ ಆಪರೇಷನ್ ಎಂದರೆ ಈ ನಾಲ್ಕೂ ಕಡೆಯವರು ಸಾಮಾನ್ಯವಾಗಿ ನೋಡುವುದು ಸುಮಾರು 60 ಕಿ.ಮೀ. ದೂರದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಎಲ್ಲರೂ ‘ವಿಮ್ಸ್’ ಎಂದೇ ಕರೆಯುವುದು. ಇಲ್ಲವೇ ಹುಬ್ಬಳ್ಳಿ, ಅಥವಾ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ. ನಮ್ಮವರು ಎಷ್ಟೋ ಸಲ ‘ಊರಿಗೇ ಹೋಗುವ’ ಎಂದು ಮಂಗಳೂರಿಗೆ ಇಳಿಯುತ್ತಾರೆ. ಎಲ್ಲಿಗೇ ಹೋಗಿ, ಆಪರೇಷನ್ ದಿನ ನಿಗದಿಯಾದಾಗ ಕೇಳಬೇಕಾದ್ದು ಮೂರೇ ಮಾತು: ‘ಸ್ಟೋಮಾ ಬರುವ ಸಾಧ್ಯತೆ ಉಂಟಾ? ಅದು ಸ್ವಲ್ಪ ಕಾಲಕ್ಕಾ, ಯಾವಾಗಲಿಗಾ? ಜಾಗಕ್ಕೆ ಯಾರು, ಯಾವಾಗ ಗುರುತು ಹಾಕ್ತಾರೆ?’

ಸ್ಟೋಮಾ ನರ್ಸ್ ಇಲ್ಲದ ಆಸ್ಪತ್ರೆಯಾದರೆ ಶಸ್ತ್ರವೈದ್ಯರೇ ಹಿಂದಿನ ದಿನ ಗುರುತು ಹಾಕಬಹುದು. ‘ಡಾಕ್ಟ್ರೇ, ಒಮ್ಮೆ ಕೂರಿಸಿ ನೋಡಿ’ ಎಂದು ಕೇಳಿದರೆ ಬೇಸರಪಡುವ ವೈದ್ಯರು ಕಡಿಮೆ. ಜಾಗ ಸರಿಯಿದ್ದರೆ ಮುಂದೆ ಅವರ ತಲೆನೋವೂ ಕಡಿಮೆಯೇ.

ಅಪಘಾತ, ಕರುಳು ತೂತಾದದ್ದು, ಕರುಳು ಕಟ್ಟಿಕೊಂಡದ್ದು, ಇಂಥ ತುರ್ತಿನಲ್ಲಿ ಇಷ್ಟೆಲ್ಲ ಪುರುಸೊತ್ತು ಇರುವುದಿಲ್ಲ. ಜೀವ ಉಳಿಸುವುದು ಮೊದಲು. ಆಗಲೂ ಸಹಿ ಹಾಕುವ ಮನೆಯವರು ‘ಇವರು ಲಾರಿ ಓಡಿಸೋದು, ಮುಂಡು ಇಲ್ಲಿ ಕಟ್ಟುದು’ ಎಂದು ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕು.

ಈಗಾಗಲೇ ಅನನುಕೂಲವಾದ ಜಾಗದಲ್ಲಿ ಸ್ಟೋಮಾ ಆಗಿರುವವರು ಹತಾಶರಾಗಬೇಕಿಲ್ಲ. ಒಳಕ್ಕೆ ಸರಿದ ಸ್ಟೋಮಾಕ್ಕೆ ಉಬ್ಬಿದ ನಮೂನೆಯ ಪ್ಲೇಟ್, ಮಡಿಕೆ ತುಂಬುವ ಪೇಸ್ಟ್ ಮತ್ತು ಉಂಗುರ, ಪ್ಲೇಟನ್ನು ಹಿಡಿದಿಡುವ ಸೊಂಟದ ಬೆಲ್ಟ್ ಇವೆಲ್ಲ ಇವೆ. ಹಳೆಯ ಅಳತೆಗೇ ಕತ್ತರಿಸುತ್ತ ಬಂದ ಪ್ಲೇಟಿನ ತೂತು ದೊಡ್ಡದಾಗಿರುವುದೂ ಸೋರಲು ಕಾರಣವಿರಬಹುದು. ಮೊದಲ ತಿಂಗಳುಗಳಲ್ಲಿ ಸ್ಟೋಮಾ ಕುಗ್ಗುತ್ತದೆ, ಮತ್ತೆ ಅಳೆಯಬೇಕು. ಯಾವುದಕ್ಕೂ ಬಗ್ಗದಿದ್ದರೆ ಜಾಗ ಬದಲಿಸುವ ಆಪರೇಷನ್ ಕೂಡ ಇದೆ. ಸೋರುವುದನ್ನು ಹಣೆಬರಹ ಎಂದುಕೊಂಡು ಮೂಲೆ ಸೇರುವ ಮೊದಲು ಒಮ್ಮೆ ತೋರಿಸಿ. ಇಲಿಯೊಸ್ಟಮಿ ಇರುವವರು ರಮಝಾನಿನ ಉಪವಾಸ ಹಿಡಿಯುವ ಮೊದಲು ಕಡ್ಡಾಯವಾಗಿ ವೈದ್ಯರನ್ನು ಕೇಳಬೇಕು. ಅವರ ಮೈಯಿಂದ ನೀರು, ಉಪ್ಪು ಬೇಗ ಹೋಗುತ್ತದೆ.

ಇನ್ನು, ‘ಚೀಲ ಇಟ್ಟುಕೊಂಡು ನಮಾಝ್ ಆಗ್ತದಾ’ ಎಂಬ ಪ್ರಶ್ನೆ. ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಮಸೀದಿ ಬಿಟ್ಟವರಿದ್ದಾರೆ. ತಡೆಯಲಾಗದ ಉಝ್ರ್ ಇರುವವರ ವುಝೂ, ನಮಾಝ್ ಹೇಗೆ ಎಂಬುದನ್ನು ಫಿಕ್ಹ್ ಗ್ರಂಥಗಳು ಹಿಂದೆಯೇ ವಿವರಿಸಿವೆ. ನಿಮ್ಮ ಸ್ಟೋಮಾ ಯಾವ ಬಗೆಯದು, ಎಲ್ಲಿದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಜಮಾಅತಿನ ಉಸ್ತಾದರಿಗೆ ವಿವರವಾಗಿ ಹೇಳಿ, ಕೇಳಿಕೊಳ್ಳಿ. ಉಸ್ತಾದರು ಕೂಡ ಈ ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಎತ್ತಿದರೆ, ಕೇಳಲು ನಾಚುವವರಿಗೆ ಧೈರ್ಯ ಬರುತ್ತದೆ.

ಮನೆಯಲ್ಲಿ ಯಾರಿಗಾದರೂ ಕರುಳಿನ ಆಪರೇಷನ್ ನಿಗದಿಯಾಗಿದ್ದರೆ, ಆಸ್ಪತ್ರೆಯ ಚೀಲಕ್ಕೆ ರಿಪೋರ್ಟಿನ ಜೊತೆಗೆ ದಿನಾ ಉಡುವ ಮುಂಡೊಂದನ್ನೂ ಹಾಕಿ. ಹಿಂದಿನ ದಿನ ಅದನ್ನು ಉಡಿಸಿ, ಕೂರಿಸಿ, ಬಗ್ಗಿಸಿ, ಗುರುತು ಹಾಕಿಸಿಕೊಳ್ಳಿ.